ಬಾಲದ ಚುಕ್ಕಿ ನೋಡಿದ ಸಂಜೆ

ಹಳೆಯ ಕಾಲದ ವಿಜ್ಞಾನ ಕಥೆಗಾರರು ಒಂದು ಧೂಮಕೇತುವನ್ನೂ ಅದರ ಪಾಡಿಗೆ ಹೋಗಲು ಬಿಟ್ಟವರಲ್ಲ. ಒಂದೋ ಅದು ಭೂಮಿಗೆ ಬಂದು ಗುದ್ದಬೇಕು, ಇಲ್ಲವೇ ಬಾಲದಿಂದ ಎಂಥದೋ ಅನಿಲ ಬಿಟ್ಟು ಮನುಷ್ಯರ ತಲೆ ಕೆಡಿಸಬೇಕು. ಅಂಥ ಕಥೆಗಳನ್ನು ಓದಿ ಓದಿ ನನ್ನ ತಲೆ ಅನಿಲದ ನೆರವಿಲ್ಲದೆಯೇ ಕೆಟ್ಟಿದೆ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಕಾಯುವವನು ನಾನು. ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಬರಿಗಣ್ಣಿಗೇ ಧೂಮಕೇತು ಕಾಣುತ್ತದೆ ಎಂಬ ಸುದ್ದಿ ಮೊಬೈಲಿಗೆ ಬಂದಾಗ, ನನ್ನ ಕಡೆಯ ನೆಂಟರೇ ಮನೆಗೆ ಬಂದಷ್ಟು ಸಂಭ್ರಮವಾಯಿತು.

ದೊಡ್ಡಬಳ್ಳಾಪುರದ ನಮ್ಮ ಮನೆಯ ಮಾಳಿಗೆಗೆ ಎಲ್ಲರನ್ನೂ ಹತ್ತಿಸಿದೆ. ಎಲ್ಲರೂ ಎಂದರೆ ಹೆಂಡತಿ ಸುಧಾ, ಕಣ್ಣಿನ ಪೊರೆ ತೆಗೆಸಿಕೊಂಡು ಆರೈಕೆಗೆಂದು ದೊಡ್ಡಬೆಳವಂಗಲದಿಂದ ಬಂದಿದ್ದ ಅತ್ತೆ, ಮತ್ತು ಮಗ್ಗ ಇಟ್ಟುಕೊಂಡಿರುವ ಪಕ್ಕದ ಮನೆಯ ಮುನಿರಾಜು.

"ಬಾಲದ ಚುಕ್ಕಿ ಕಂಡ್ರೆ ರಾಜ್ರಿಗೆ ಕೇಡು ಅಂತಿದ್ಲು ನಮ್ಮಜ್ಜಿ," ಎಂದರು ಅತ್ತೆ. ಮೂಢನಂಬಿಕೆಯ ವಿರುದ್ಧ ಭಾಷಣಕ್ಕೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ, "ಇಲ್ಲಿ ಯಾರವ್ರೆ ರಾಜ್ರು? ನೋಡಾನ ಬಿಡಪ್ಪ," ಎಂದು ಮುಗಿಸಿದರು.

ಆಕಾಶದ ತುಂಬ ಚೂರುಚೂರು ಮೋಡ. ಅದರ ಸಂದಿಯಲ್ಲಿ ಬೆಳಕೊಂದು ಕಂಡದ್ದೇ ತಡ, "ಅಗೋ ಅಲ್ಲಿ," ಎಂದೆ. ಮುನಿರಾಜು ಚಪ್ಪಲಿ ಬಿಟ್ಟು ಕೈಮುಗಿದ. ಧೂಮಕೇತು ಕೆಂಪು ದೀಪ ಮಿಣುಕಿಸುತ್ತ ದೇವನಹಳ್ಳಿಯ ಕಡೆ ತಿರುಗಿತು. "ಏರ್‌ಪೋರ್ಟಲ್ಲಿ ಇಳೀತದೆ ಅನ್ಸುತ್ತೆ ಸಾರ್," ಎಂದು ಅವನು ಮರ್ಯಾದೆಯಾಗಿಯೇ ಹೇಳಿ ಚಪ್ಪಲಿ ಮೆಟ್ಟಿಕೊಂಡ. ಸುಧಾಳಿಗೆ ಕುಕ್ಕರಿನ ನೆನಪಾಯಿತು.

ಎಲ್ಲರೂ ಕೆಳಗಿಳಿದುಬಿಡುತ್ತಾರೆಂದು ಹೆದರಿ, ಅಲ್ಲಿಯೇ ಒಂದು ಕಥೆ ಕಟ್ಟಿ ಹೇಳತೊಡಗಿದೆ. ಧೂಮಕೇತುವೊಂದರ ಬಾಲ ಭೂಮಿಯನ್ನು ಸವರುತ್ತದೆ. ಅದರ ಅನಿಲ ಮೂಗಿಗೆ ಹೋದವರೆಲ್ಲ ಬರೀ ಸತ್ಯವನ್ನೇ ಹೇಳತೊಡಗುತ್ತಾರೆ. ಮಂತ್ರಿಗಳು ಮೂಗು ಮುಚ್ಚಿಕೊಂಡು ಓಡಾಡುತ್ತಾರೆ.

ಅತ್ತೆ ಗಮನವಿಟ್ಟು ಕೇಳಿದರು. ಆಮೇಲೆ, "ಹಂಗಾರೆ ನಂದೂ ಒಂದೈತೆ ಕಣಪ್ಪ," ಎಂದರು. "ನೀನು ಹೆಣ್ಣು ನೋಡಕ್ ಬಂದಾಗ, ಆಕಾಶದ್ ಕಥೆ ಅಂದ್ರೆ ನಂಗೂ ಪ್ರಾಣ ಅಂತ ಇವ್ಳು ಅಂದ್ಲಲ್ಲ, ಅದು ನಾನ್ ಹೇಳ್ಕೊಟ್ಟಿದ್ದು. ಹುಡುಗುಂಗೆ ಅದೊಂದೇ ಹುಚ್ಚು, ಹೂಂ ಅಂದ್ಬುಡಿ ಅಂತ ಬ್ರೋಕರ್ ಹೇಳಿದ್ದ."

ಜಾತಕವನ್ನು ಬದಿಗಿಟ್ಟು ಆ ಒಂದು ಮಾತನ್ನು ನಂಬಿ ಮದುವೆಯಾದವನು ನಾನು. ಸುಧಾಳ ಮುಖ ನೋಡಿದೆ. ಅವಳು ಸೆರಗಿನ ಅಂಚನ್ನು ನೋಡಿಕೊಂಡಳು.

"ನೀವು ಕೊಟ್ಟ ಪುಸ್ತಕ ಒಂದೂ ಮುಗ್ಸಿಲ್ಲ ರೀ. ರಾಕೆಟ್ ಹಾರೋ ಹೊತ್ಗೆ ನಿದ್ದೆ ಬಂದಿರುತ್ತೆ," ಎಂದಳು. ತಲೆಯೆತ್ತಿ, "ಆದ್ರೆ ಊಟಕ್ ಕೂತಾಗ ನೀವು ಹೇಳ್ತೀರಲ್ಲ, ಅದು ನಂಗೆ ಬೇಕು. ಇಲ್ದಿದ್ರೆ ನಟ್ಟು ಬೋಲ್ಟಿನ ವಿಷ್ಯಾನೇ ಹೇಳ್ತಿದ್ರಿ," ಎಂದಳು.

ಇದು ಹೊಗಳಿಕೆಯೋ ಅಲ್ಲವೋ ಎಂದು ನಾನು ತೂಗಿ ನೋಡುತ್ತಿದ್ದಾಗ ಮುನಿರಾಜುವೂ ಬಾಯಿಬಿಟ್ಟ. "ನಂದು ಅಂಥದ್ದೇನಿಲ್ಲ ಸಾರ್. ಮನೇಲಿ ಧಾರಾವಾಹಿ ಟೈಮು, ರಿಮೋಟ್ ಕೈಗೆ ಸಿಗಲ್ಲ. ಅದ್ಕೇ ಬಂದೆ."

ಅಷ್ಟರಲ್ಲಿ ಮೋಡ ಸರಿದಿತ್ತು. ಅತ್ತೆ ಕೈಯೆತ್ತಿ, "ಅದೇನಪ್ಪ ಆ ತೆಂಗಿನ್ ಮರದ್ ಮೇಲೆ, ಎಲೆಗೆ ಸುಣ್ಣ ಹಚ್ಚಿದ್ ಬೆರಳ್ನ ಗೋಡೆಗೆ ಒರ್ಸ್‌ದಂಗೆ ಐತೆ?" ಎಂದರು.

"ಅಯ್ಯೋ, ಹೌದು ರೀ," ಎಂದಳು ಸುಧಾ. ತನಗೆ ತಿಳಿಯದಂತೆಯೇ ನನ್ನ ತೋಳು ಹಿಡಿದುಕೊಂಡಿದ್ದಳು. ಮುನಿರಾಜು ಮತ್ತೆ ಚಪ್ಪಲಿ ಬಿಟ್ಟ. ನಾನು ನೋಡಿದೆ. ತೆಂಗಿನ ಮರ ಕಂಡಿತು. ಅದರಾಚೆ ಯಾರದೋ ಮನೆಯ ನೀರಿನ ಟ್ಯಾಂಕು ಕಂಡಿತು. ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ, ಕಣ್ಣು ಕಿರಿದು ಮಾಡಿ ನೋಡಿದೆ. ಟ್ಯಾಂಕು ಇನ್ನಷ್ಟು ಸ್ಪಷ್ಟವಾಯಿತು.

"ಕಾಣ್ತಾ ರೀ?" ಎಂದು ಸುಧಾ ಕೇಳಿದಳು. ಮದುವೆಯಾದಾಗಿನಿಂದ ಅವಳ ದನಿಯಲ್ಲಿ ನಾನು ಕಾಯುತ್ತಿದ್ದ ಉತ್ಸಾಹ ಆಗ ಬಂದಿತ್ತು.

"ಆಹಾ, ಎಂಥ ಬಾಲ," ಎಂದೆ.

ಮರುದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ, "ಹೆಂಗಿತ್ತು ಗುರು?" ಎಂದು ಎಲ್ಲರೂ ಸುತ್ತುವರಿದರು. "ಎಲೆಗೆ ಸುಣ್ಣ ಹಚ್ಚಿದ ಬೆರಳನ್ನು ಗೋಡೆಗೆ ಒರೆಸಿದ ಹಾಗೆ," ಎಂದು ಶುರುಮಾಡಿದೆ. ಟೀ ಆರುವವರೆಗೂ ಕೇಳಿದರು. "ಏನೇ ಅನ್ನಿ, ನೋಡೋ ಕಣ್ಣು ಬೇಕು," ಎಂದು ಸೂಪರ್‌ವೈಸರ್ ಮೆಚ್ಚಿಕೊಂಡರು. ನಾನು ವಿನಯದಿಂದ ಕನ್ನಡಕ ಒರೆಸಿಕೊಂಡೆ.