ಬಸ್ಸು ಕೆಟ್ಟಲ್ಲಿಂದ ನೇರಪ್ರಸಾರ

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಟೀವಿಯಲ್ಲಿ ಅಂಟಿದ ಗುಣ ಅದಕ್ಕಿಂತ ಗಟ್ಟಿ. ಕನ್ನಡ ವಾಹಿನಿಯೊಂದರ ಪುಣೆ ವರದಿಗಾರನಾಗಿದ್ದ ನಾನು ಆ ಕೆಲಸ ಬಿಟ್ಟು ಟ್ರಾವೆಲ್ಸ್ ತೆರೆದೆ. ಅಂದಿನಿಂದ ಒಂದಲ್ಲ ಒಂದು ಫಜೀತಿ ನಡೆದೇ ಇದೆ.

ಪುಣೆಯ ಕೊಂಢವಾದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ನನ್ನ ಮಾವ ಮೊದಲೇ ಹೇಳಿಬಿಟ್ಟಿದ್ದರು: "ಅಳಿಯಾರ, ಒಂದು ಟೂರ್ ಮಾಡ್ರಿ, ನೋಡೂಣು. ಅದು ಕೆಟ್ಟರ ಸುಮ್ನ ಬಂದು ನನ್ನ ಗಲ್ಲಾದ ಮ್ಯಾಲ ಕೂಡ್ರಿ." ಉಳಿದ ಆಯುಷ್ಯವೆಲ್ಲ ಟೈಲ್ಸ್ ಮುಖ ನೋಡಬೇಕೆಂದು ನೆನೆದರೇ ನನಗೆ ಜ್ವರ ಬರುತ್ತಿತ್ತು.

ಮೊದಲ ಗಿರಾಕಿ

ಬಾದಾಮಿ, ಐಹೊಳೆಗೆ ಬಸ್ ಪ್ರವಾಸ ಎಂದು ವಾಟ್ಸಾಪಿನಲ್ಲಿ ಹಾಕಿದೆ. ಮಗರಪಟ್ಟಾದಿಂದ ಮೈಸೂರು ಕಡೆಯ ಐಟಿಯವನೊಬ್ಬ ಫೋನ್ ಮಾಡಿದ.

"ಸರ್, ಮಳೆ ಬಂದಾಗೆಲ್ಲ ಟೀವಿಲಿ ಮೊಣಕಾಲುದ್ದ ನೀರಲ್ಲಿ ನಿಂತ್ಕೊಂಡು ಮಾತಾಡ್ತಿದ್ರಲ್ಲ, ನೀವೇ ಅಲ್ವಾ?"

"ಹೌದು, ನಾನೇ!" ಉಬ್ಬಿಹೋದೆ.

"ಯಾರೂ ಮನೆಯಿಂದ ಹೊರಗೆ ಬರಬೇಡಿ ಅಂತಿದ್ರಿ. ಈಗ ಬನ್ನಿ ಬನ್ನಿ ಅಂತಿದೀರಲ್ಲ ಸರ್!"

ಅವನೇ ಮುಂದುವರಿಸಿದ: "ನಮ್ಮ ಟೀಮಲ್ಲಿ ಆರು ಜನ ಬರ್ತೀವಿ. ನೀವೇ ಹೊರಗೆ ಬನ್ನಿ ಅಂದ್ಮೇಲೆ ರಿಸ್ಕ್ ಇರಲ್ಲ ಬಿಡಿ."

ಏನನಿಸುತ್ತಿದೆ?

ಬಸ್ಸು ತುಂಬಿತು. ಪರೀಕ್ಷೆ ಮಾಡಲು ಮಾವನೇ ಬಂದು ಮುಂದಿನ ಸೀಟು ಹಿಡಿದರು. ಸಾತಾರಾ ದಾಟಿ ಚಹಾಕ್ಕೆ ನಿಲ್ಲಿಸಿದಾಗ ಹಳೇ ಚಾಳಿ ತಡೆಯಲಾಗಲಿಲ್ಲ. ಬಸ್ಸಿನ ಮೈಕ್ ಹಿಡಿದು ಬಾಗಿಲಲ್ಲೇ ನಿಂತೆ. ಮೊದಲು ಇಳಿಯಲು ಬಂದವರು ವಿಜಯಪುರ ಕಡೆಯ ಒಬ್ಬ ವಯಸ್ಸಾದ ಹೆಂಗಸು, ಬಸ್ಸಿಗೆಲ್ಲ ಕಾಕು.

"ಕಾಕೂ, ಈ ಕ್ಷಣದಲ್ಲಿ ನಿಮಗೆ ಏನನಿಸುತ್ತಿದೆ?"

"ಬಾತ್‌ರೂಮಿಗೆ ಹೋಗಬೇಕ ಅನಸಾಕತ್ತದ್ರೀ. ಬಾಗಲಾ ಬಿಟ್ಟ ನಿಂದರ್ರಿ ಮದಲ!"

ತಜ್ಞರ ಚರ್ಚೆ

ಕೊಲ್ಹಾಪುರ ದಾಟಿ ಸ್ವಲ್ಪ ದೂರ ಹೋದದ್ದೇ ತಡ, ಕಬ್ಬಿನ ಹೊಲದ ಪಕ್ಕ ಬಸ್ಸು ಕೆಮ್ಮಿ ನಿಂತಿತು. ಡ್ರೈವರ್ ಕೈ ಚೆಲ್ಲಿದ. ಮೆಕ್ಯಾನಿಕ್ ಕೊಲ್ಹಾಪುರದಿಂದ ಬರಬೇಕು. ಜನ ಗೊಣಗತೊಡಗಿದರು. ಮಾವ ನನ್ನತ್ತ ತಿರುಗಿ, "ಗಲ್ಲಾದ ಕುರ್ಚಿ ಖಾಲೀನ ಅದ ನೋಡ್ರಿ," ಎಂದರು.

ಆದರೆ ನಾನು ಯಾರು? ಮುಖಂಡರೊಬ್ಬರ ಮುಚ್ಚಿದ ಗೇಟಿನ ಮುಂದೆ ನಿಂತು, ಒಳಗೆ ಏನೂ ಆಗದಿದ್ದರೂ ಬೆಳಗಿನಿಂದ ಸಂಜೆತನಕ ಮಾತಾಡಿದವನು! ಮೈಕ್ ಎತ್ತಿಕೊಂಡೆ. "ಬಸ್ಸು ಕೆಟ್ಟಿದ್ದೇಕೆ? ಚರ್ಚಿಸಲು ನಮ್ಮೊಂದಿಗೆ ತಜ್ಞರಿದ್ದಾರೆ!" ಎಂದು ಐಟಿಯವನನ್ನು ಒಂದು ಕಡೆ, ಮಾವನನ್ನು ಇನ್ನೊಂದು ಕಡೆ ನಿಲ್ಲಿಸಿದೆ.

"ಸೆನ್ಸರ್ ಪ್ರಾಬ್ಲಮ್. ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ," ಎಂದ ಐಟಿಯವನು.

"ಏ ತಮ್ಮಾ, ಆಯುಷ್ಯಾ ಪೂರಾ ಟೆಂಪೋದಾಗ ಟೈಲ್ಸ್ ತರಸೀನಿ ನಾ. ಇದು ಡೀಸೆಲ್‌ದಾಗಿನ ಕಸ!" ಮಾವ ಗುಡುಗಿದರು.

"ನಿಂಬಿಹಣ್ಣ ಕಟ್ಟಿಲ್ಲ, ಅದಕ್ಕ!" ಹಿಂದಿನಿಂದ ಕಾಕು.

ಬಸ್ಸಿನಲ್ಲಿ ಮೂರು ಪಕ್ಷಗಳಾದವು. ಚಪ್ಪಾಳೆ, ಶಿಳ್ಳೆ, ಧಿಕ್ಕಾರ. ನಡುವೆ "ಒಂದು ಸಣ್ಣ ವಿರಾಮ" ಎಂದು ಪಕ್ಕದ ಗಾಣದಿಂದ ತರಿಸಿ ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದೆ. ಮೆಕ್ಯಾನಿಕ್ ಬಂದದ್ದು, ರಿಪೇರಿ ಮಾಡಿ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ನಾನು ಮೈಕಿಗೆ ಕೈ ಚಾಚಿದರೆ ಮಾವ ಬಿಡಲೊಲ್ಲರು!

"ತಡೀರಿ ಅಳಿಯಾರ, ನನ್ನ ಮಾತ ಇನ್ನೂ ಮುಗದಿಲ್ಲ!"

ಪುಣೆಗೆ ಮರಳಿ ವಾರ ಕಳೆಯುವುದರೊಳಗೆ ಮುಂದಿನ ಟೂರಿನ ಸೀಟೆಲ್ಲ ಭರ್ತಿ. ಮಾವನ ಫೋನ್ ಬಂತು.

"ಗಲ್ಲಾಕ್ಕ ಬ್ಯಾರೇದವರನ್ನ ನೋಡೀನ್ರಿ."

ಗೆದ್ದೆ! ಮನೆಯಲ್ಲೇ ಒಂದು ಸುತ್ತು ಕುಣಿಯಬೇಕೆನಿಸಿತು. ಮಾವ ದನಿ ತಗ್ಗಿಸಿದರು.

"ಅದಿರಲಿ, ಮುಂದಿನ ಟೂರಿನಾಗ ಬಸ್ಸು ಎಲ್ಲಿ ಕೆಡ್ತದ? ಈಗ ಹೇಳಿಬಿಡ್ರಿ. ಈ ಸಲ ತಯಾರಿ ಮಾಡ್ಕೊಂಡ ಬರ್ತೀನಿ."