ಆ ಹೆಸರಿನ ಹುಡುಗಿ ನಮ್ಮೂರಾಗಿಲ್ರಿ

ಖಾಕಿ ಹಾಕ್ಕೊಂಡು ಇಪ್ಪತ್ತಾರು ವರ್ಷ ಆತು. ಪೊಲೀಸ್ ನೌಕರಿ ಬೇಕು ಅನ್ನೋರು, ಅವರ ಮನಿ ಮಂದಿ ನನ್ನ ಕಾಡಿದಷ್ಟು ಕಳ್ಳರೂ ಕಾಡಿಲ್ಲ. ಇಂಡಿ ಸೀಮ್ಯಾಗ ಭರ್ತಿ ಸುದ್ದಿ ಬಂತಂದ್ರ ಸಾಕು, ಒಂದರ ಹಿಂದ ಒಂದು ಇಂಥಾವು ನಡೀತಾನ ಇರ್ತಾವು.

೧. ಹುಟ್ಟಿನಿಂದ ಬಂದ ಅರ್ಹತಾ

ಅಗರಖೇಡ ಕಡಿ ಹಿರ್ಯಾರೊಬ್ಬರು ಮಗನ್ನ ಕರಕೊಂಡು ಠಾಣೆಗೆ ಬಂದ್ರು.

"ಹವಾಲ್ದಾರ್ರ, ಇಂವನ್ನ ಪೊಲೀಸ್ ಮಾಡ್ರಿ."

"ನಾ ಮಾಡಾಕ ಬರಂಗಿಲ್ರಿ ಯಜಮಾನ್ರ. ಅರ್ಜಿ ಹಾಕಬೇಕು, ಪರೀಕ್ಷಾ ಬರೀಬೇಕು, ಓಡಬೇಕು. ಏನೇನ್ ಬರ್ತೈತಿ ಇಂವಗ?"

"ಕುಂತಲ್ಲೇ ನಿದ್ದಿ ಹೊಡೀತಾನ್ರಿ. ಯಾರ ಮನಿಗೆ ಹೋದ್ರೂ ಚಾ ಕುಡದ ಏಳ್ತಾನ. ಯಾರ್ ಏನ್ ಕೆಲಸ ಹೇಳಿದ್ರೂ 'ನಾಳಿ ಬರ್ರಿ' ಅಂತಾನ."

ನನಗ ಪಿತ್ತ ನೆತ್ತಿಗೇರಿತು. ಹಿಂದ ನಮ್ಮ ರೈಟರ್ ಫೈಲಿನಾಗ ಮಾರಿ ಮುಚ್ಚಿಕೊಂಡು ನಗಾಕತ್ತಿದ್ದ. ಅಲ್ರಿ, ಇಷ್ಟೆಲ್ಲಾ ಕಲಿಯಾಕ ನನಗ ಹತ್ತು ವರ್ಷ ಹಿಡದಿತ್ತು!

೨. ಬ್ಯಾನರಿನ ಕೆಳಗ

ಆ ಸಲದ ಪೊಲೀಸ್ ಭರ್ತಿಯಾಗ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಾಕಿ ಪಾಸಾದ್ಲು. ಆಯಿ, ಅಂದ್ರ ಅಜ್ಜಿ, ಕೈಯಾಗ ಬೆಳೆದಾಕಿ. ದಿನಾ ನಸುಕಿನ್ಯಾಗ ನಿಂಬಿ ತೋಟದ ದಾರಿ ಹಿಡಿದು ಓಡಿ ಓಡಿ ನೌಕರಿ ಗಿಟ್ಟಿಸಿದ್ಲು. ಇನ್ನ ಉಳದದ್ದು ನನ್ನ ಕೆಲಸ: ಆಕಿ ಅಲ್ಲೇ ಇರ್ತಾಳೋ ಇಲ್ಲೋ, ನಡತಿ ಹೆಂಗ ಅಂತ ಊರಾಗ ವಿಚಾರಿಸಿ, ಇಬ್ಬರ ಸಹಿ ತರೋದು. ಎರಡು ದಿನದಾಗ ವರದಿ ಹೋಗದಿದ್ರ ಆಕಿ ಆರ್ಡರ್ ಅಲ್ಲೇ ನಿಲ್ತಿತ್ತು.

ಆದ್ರ ನಮ್ಮ ಕಡಿ ಒಂದು ರೂಢಿ ಐತಿ. ಖಾಕಿಯಾಂವ ಯಾರ ಹೆಸರು ಕೇಳಿದ್ರೂ ಉತ್ತರ ಒಂದೇ. ಕಿರಾಣಿ ಅಂಗಡಿಯಾಂವನ್ನ ಕೇಳಿದೆ.

"ಆ ಹೆಸರಿನ ಹುಡುಗಿ ನಮ್ಮೂರಾಗಿಲ್ರಿ," ಅಂದ.

ಅವನ ತಲಿ ಮ್ಯಾಲೆ ಬಾಗಲದಷ್ಟು ದೊಡ್ಡ ಬ್ಯಾನರ್ ಇತ್ತು. 'ಪೊಲೀಸ್ ಹುದ್ದೆಗೆ ಆಯ್ಕೆಯಾದ ನಮ್ಮೂರ ಮಗಳಿಗೆ ಅಭಿನಂದನೆಗಳು' ಅಂತ ಆಕಿ ಹೆಸರು, ಫೋಟೋ.

"ಇದು ಯಾರೋ ಮತ್ತ?"

"ಗಾಳಿಗೆ ಯಾವ ಊರಿಂದ ಹಾರಿ ಬಂದೈತೋ ಏನೋ ರೀ."

"ಕೆಳಗ ಶುಭಕೋರುವವರೊಳಗ ನಿನ್ನ ಫೋಟೋ ಐತಲ್ಲೋ!"

ಅಂವ ಕತ್ತೆತ್ತಿ ನೋಡಿದ, ಕಣ್ಣು ಸಣ್ಣ ಮಾಡಿದ. "ಅಂವಾ ಸುದ್ದಾ ನಮ್ಮೂರಾಗಿಲ್ರಿ," ಅಂದ.

೩. ಇರುವಿಗೆ ಅಂಜಾಕಿ

ಮರುದಿನ ಖಾಕಿ ಬಿಟ್ಟು ಬಿಳಿ ಅಂಗಿ ಹಾಕ್ಕೊಂಡು ಸೀದಾ ಆಕಿ ಮನಿಗೆ ಹೋದೆ. ಹುಡುಗಿ ಡಾಕ್ಟರ್ ತಪಾಸಣಿಗೆ ವಿಜಯಪುರಕ್ಕ ಹೋಗಿದ್ಲು.

"ಆಯಿ, ನಿಮ್ಮ ಮೊಮ್ಮಗಳ ವಿಚಾರ ಕೇಳಾಕ ಬಂದೇನಿ," ಅಂದೆ. ಅಂದದ್ದ ತಪ್ಪಾತು. ಚಾಪಿ ಬಿತ್ತು, ತಾಟಿನ ತುಂಬ ಚುರಮುರಿ ಸೂಸಲಾ ಬಂತು, ಓಣಿ ಮಂದಿ ಕೂಡಿತು. ನಾ ಮಗಗ ಹೆಣ್ಣು ಕೇಳಾಕ ಬಂದಾಂವ ಅಂತ ತಿಳದಾರ! ಕಿರಾಣಿ ಅಂಗಡಿಯಾಂವನೂ ಬಂದ. ಟೊಪ್ಪಿಗಿ ಇಲ್ಲದ ನನ್ನ ಬೋಳು ತಲಿ ಅಂವಗ ಗುರ್ತ ಸಿಗಲಿಲ್ಲ.

"ಭಾಳ ಮೆತ್ತನ ಹುಡುಗಿ," ಅಂದ್ಲು ಆಯಿ. "ಹೊಸ್ತಿಲ ದಾಟಂಗಿಲ್ಲ."

"ದನಿ ಏರಿಸಿದ್ದು ನಾವು ಕೇಳೇ ಇಲ್ರಿ," ಅಂದ ಅಂಗಡಿಯಾಂವ. "ಇರುವಿ ಕಂಡ್ರ ಅಂಜತಾಳ."

ಇದನ್ನ ಬರದ್ರ ಯಾವ ಇಲಾಖೆಯವರು ತಗೋತಾರ? ತಡಕೊಳ್ಳಾಕ ಆಗಲಿಲ್ಲ. "ನಾ ಪೊಲೀಸ್. ಇಬ್ಬರು ಸಹಿ ಹಾಕ್ರಿ," ಅಂದೆ. ಕಣ್ಣು ಮುಚ್ಚಿ ತೆರೆಯೂದರಾಗ ಓಣಿ ಖಾಲಿ. ಆಯಿ ನನ್ನ ಮುಂದಿನ ತಾಟು ಎತ್ತಿಕೊಂಡ್ಲು.

"ಆಕಿ ನನ್ನ ಮೊಮ್ಮಗಳೇ ಅಲ್ರಿ. ಹಾದ್ಯಾಗ ಹೊಂಟಿದ್ಲು, ನೀರು ಕೇಳಿದ್ಲು, ಹಂಗs ಉಳಕೊಂಡ್ಲು."

"ಅಯ್ಯ ಆಯಿ, ಇದು ನೌಕರಿ ಸಲುವಾಗಿ! ಇವತ್ತ ಸಹಿ ಆಗದಿದ್ರ ಹುಡುಗಿ ನೌಕರಿ ಹೋಗ್ತೈತಿ."

"ಪೊಲೀಸರು ಮೊದಲ ಎಲ್ಲಾರೂ ಹಿಂಗ ಚಂದ ಮಾತಾಡ್ತಾರ," ಅಂದ್ಲು.

ಖರೇ ಹೇಳ್ತೇನಿ, ನನಗ ಭಾಳ ಸಂಕಟ ಆತು. ಮೊಮ್ಮಗಳ ಮ್ಯಾಲಿನ ಪ್ರೀತೀನ ಆಕಿ ಅನ್ನಕ್ಕ ಮಣ್ಣು ಹಾಕಾಕತ್ತಿತ್ತು.

ಅಷ್ಟರಾಗ ವಿಜಯಪುರದ ಬಸ್ ಬಂತು. ಹುಡುಗಿ ಇಳದು, ನಾ ಹೇಳಿದ್ದೆಲ್ಲಾ ಕೇಳಿ, ಅಂಗಡಿಯಾಂವನ ಬಾಗಲದ ಕಡಿ ತಿರುಗಿ ನಡು ಓಣ್ಯಾಗ ನಿಂತ್ಲು.

"ಕಾಕಾ! ನೀ ಹೊರಗ ಬರ್ತೀಯೋ, ನಾ ಒಳಗ ಬರ್ಲೋ?"

ಎಲ್ಲಾ ಬಾಗಲಾ ಒಮ್ಮೆಲೇ ತೆರದ್ವು. ಅಂಗಡಿಯಾಂವ ಪೆನ್ನು ತಾನೇ ತಂದ. ಬೇಕಾಗಿದ್ದು ಎರಡು ಸಹಿ, ಬಿದ್ದದ್ದು ಏಳು.

೪. ಹಿತ್ತಲ ಬಾಗಲಾ

ಟ್ರೇನಿಂಗ್ ಮುಗಿಸಿ ಆಕಿ ಮೊದಲ ಸಲ ಊರಿಗೆ ಬಂದಾಗ, ನಾನೂ ಒಂದು ಸಮನ್ಸ್ ಕೊಡಾಕ ಅದೇ ಊರಿಗೆ ಹೋಗಿದ್ದೆ. ಆಕಿ ಮೈಮ್ಯಾಲೆ ಖಾಕಿ, ಟೊಪ್ಪಿಗಿ, ಬೂಟು, ಏನ್ ಗತ್ತು ಅಂತೀರಿ! ನನಗ ಠಪ್ಪಂತ ಸಲ್ಯೂಟ್ ಹೊಡದ್ಲು. "ಬರ್ರಿ ಸರ್, ಆಯಿ ಕೈಯಾನ ಚಾ ಕುಡದ ಹೋಗ್ರಿ," ಅಂತ ಕರಕೊಂಡು ಹೋದ್ಲು. ಬಾಗಲಾ ಬಡದ್ಲು.

ಆಯಿ ತೆರದು, ಎರಡು ಖಾಕಿ ನೋಡಿ, ಚೌಕಟ್ಟಿಗೆ ಅಡ್ಡ ಕೈ ಇಟ್ಟು, ಮೊಮ್ಮಗಳ ಮಾರಿಗೇ ಹೇಳಿದ್ಲು: "ಆ ಹೆಸರಿನ ಹುಡುಗಿ ನಮ್ಮ ಮನ್ಯಾಗಿಲ್ರಿ."

"ಆಯಿ, ನಾನs ಬೇ!" ಅಂತ ಹುಡುಗಿ ಟೊಪ್ಪಿಗಿ ತಗದ್ಲು.

ಮುದುಕಿ ಹತ್ತಿರ ಬಂದು ಗಲ್ಲಾ ಸವರಿ ನೋಡಿದ್ಲು. ಗುರ್ತ ಹತ್ತಿತು. ಕಣ್ಣಾಗ ನೀರು ಬಂದ್ವು. ಆಮ್ಯಾಲೆ ಆಕಿ ನನ್ನ ನೋಡಿದ್ಲು. ಗಾಬರಿಯಾಗಿ ಮೊಮ್ಮಗಳ ರಟ್ಟಿ ಹಿಡಿದು ಒಳಗ ಜಗ್ಗಿ, ಕಿವ್ಯಾಗ ಅಂದ್ಲು:

"ಹಿತ್ತಲ ಬಾಗಲಾ ತೆರದೈತಿ, ಲಗೂನ ಓಡು. ಆ ಪೊಲೀಸ ಮತ್ತ ಬಂದಾನ!"