ಅಂಕಪುಸ್ತಕದಲ್ಲಿ ‘ಎಂ’ ಅಕ್ಷರ ನಶಿಸುತ್ತಿರುವ ಬಗ್ಗೆ

ಸೀಮಿತ ಓವರುಗಳ ಅಂಕಿಅಂಶ ವಿಭಾಗ
ಯಾರ್ಕ್‌ಷೈರ್

ಸಂಖ್ಯೆ: ಸೀಓಅಂ/ಚುಕ್ಕೆ/06

ವಿಷಯ: ಮೇಡನ್ ಓವರುಗಳ ಅಭಾವ.

ಉಲ್ಲೇಖ: 1) ಅರವತ್ತು ಓವರುಗಳ ಕಾಲದ ಪುಸ್ತಕಗಳು, ಎರಡು ಪೆಟ್ಟಿಗೆ (ಒಂದರಲ್ಲಿ ಇಲಿ). 2) ನಲವತ್ತೊಂದು ವರ್ಷದಿಂದ ಅಂಕ ಬರೆಯುತ್ತಿರುವ ಶ್ರೀಮತಿ ಎನಿಡ್ ಸಗ್ಡೆನ್‌ರ ದೂರು.

ರನ್ ಬಾರದ ಎಸೆತಕ್ಕೆ ಚುಕ್ಕೆ ಇಡುವುದೂ, ಓವರಿನ ಆರೂ ಚುಕ್ಕೆಯಾದರೆ ಅವನ್ನು ಗೆರೆಯೆಳೆದು ಕೂಡಿಸಿ ಮೇಡನ್ ಎಂಬುದರ ‘ಎಂ’ ಬರೆಯುವುದೂ ರೂಢಿ. ಋತುವಿಗೆ ಒಂದಾದರೂ ‘ಎಂ’ ಕಾಣದಿದ್ದಲ್ಲಿ ಪುಸ್ತಕ ಮುಚ್ಚಿ, ಸದರಿ ಎನಿಡ್‌ರವರ ಜಾಗದಲ್ಲಿ ಕಂಪ್ಯೂಟರ್ ಕೂರಿಸಲು ಈಗಾಗಲೇ ಆದೇಶವಾಗಿದೆ. ಅದಕ್ಕೆ ಅವರ ಹೇಳಿಕೆ ಯಥಾವತ್: “ಹೊಡೀತಾರಪ್ಪಾ, ಹೊಡೀತಾರೆ. ಚುಕ್ಕೆ ಇಡೋಕ್ ಪುರುಸೊತ್ತೇ ಕೊಡಲ್ಲ. ನಾನೇನ್ ಮಾಡ್ಲಿ, ಹೋಗಿ ಬ್ಯಾಟು ಕಿತ್ಕೊಳ್ಲಾ?”

ಆದಕಾರಣ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಒಂದು ಇನಿಂಗ್ಸಿಗೆ ಅರವತ್ತು ಓವರಿದ್ದಾಗ ಹನ್ನೊಂದು ‘ಎಂ’, ಐವತ್ತಿದ್ದಾಗ ಐದು, ನಲವತ್ತಿದ್ದಾಗ ಎರಡು ಬರುತ್ತಿದ್ದವು. ಇಪ್ಪತ್ತರಲ್ಲಿ ಸೊನ್ನೆ. ಇದೇ ಗತಿಯಲ್ಲಿ ಮುಂದಿನ ವರ್ಷ ಮೈನಸ್ ಎರಡು ಬರಲಿದ್ದು, ಅದನ್ನು ತುಂಬಲು ನಮೂನೆ ಮುದ್ರಣದಲ್ಲಿದೆ.

2. ಬೌಂಡರಿ, ಸಿಕ್ಸರಿಗೆ ಅಂಪೈರ್ ಸನ್ನೆ ಮಾಡಿದಾಗ ಅಂಕ ಬರೆಯುವವರು ಕೈಯೆತ್ತಿ ಒಪ್ಪಬೇಕು. ಹಿಂದೆ ಪಂದ್ಯಕ್ಕೆ ಹದಿನಾಲ್ಕು ಸಲ ಎತ್ತುತ್ತಿದ್ದ ಕೈ ಈಗ ನಲವತ್ತೊಂದು ಸಲ ಏಳುತ್ತಿದೆ. ಇದನ್ನು ಕಂಡು ಪಕ್ಕದ ರಸ್ತೆಯ ಬಸ್ಸು ನಿಲ್ಲತಕ್ಕದ್ದಲ್ಲ.

3. ಹಾದಿಹೋಕರು ತಿರುಗಿ ಟಾಟಾ ಮಾಡುವುದನ್ನೂ ನಿಷೇಧಿಸಲಾಗಿದೆ.

4. ಮೇಡನ್ ಓವರಿನ ಬಿಡುವಿನಲ್ಲಿ ಕೇಕ್ ತಿನ್ನುವ ಪದ್ಧತಿ ನಿಂತು ಮೇ ತಿಂಗಳ ಕೇಕ್ ಹಾಗೇ ಉಳಿದಿದೆ. ಅದನ್ನು ಚೆಂಡಿನ ಬದಲು ಬಳಸಬಹುದೆಂಬ ಸಲಹೆ ಪರಿಶೀಲನೆಯಲ್ಲಿದೆ.

5. ಕಳೆದ ಶನಿವಾರ, ಋತುವಿನ ಕಡೆಯ ಪಂದ್ಯದ ಕಡೆಯ ಓವರಿನಲ್ಲಿ ನಮ್ಮ ತಂಡದ ಗೆಲುವಿಗೆ ಎರಡು ರನ್ ಬೇಕಿದ್ದಾಗ, ಎದುರಾಳಿ ತಾರಿಖ್ ಮೆಹಮೂದ್‌ರ ಆರೂ ಎಸೆತಗಳನ್ನು ನಮ್ಮ ಹನ್ನೊಂದನೇ ಬ್ಯಾಟರ್ ಭಕ್ತಿಯಿಂದ ತಡೆದು ನಿಂತರು. ತಂಡ ಸೋತಿತು, ‘ಎಂ’ ಬಿತ್ತು. ಎನಿಡ್‌ರವರು ಅದನ್ನು ಎರಡು ಸಲ ತಿದ್ದಿ ಬರೆದು ಕಣ್ಣೊರೆಸಿಕೊಂಡರು. ಪುಸ್ತಕ ಇನ್ನೊಂದು ವರ್ಷ ಮುಂದುವರಿಯುತ್ತದೆ.

6. ನಾಯಕರ ಲಿಖಿತ ಆಕ್ಷೇಪಣೆ (“ಎರಡೇ ರನ್ ಕಣಯ್ಯಾ. ನಿಂಗೆ ಬ್ಯಾಟು ಕೊಟ್ಟಿದ್ದು ಗೋಡೆ ಕಟ್ಟೋಕಲ್ಲ”) ಸ್ವೀಕೃತವಾಗಿದೆ. ಸದರಿ ಬ್ಯಾಟರ್ ಬೇಕೆಂದೇ ರನ್ ಮಾಡಲಿಲ್ಲವೆಂಬ ಆರೋಪದ ತನಿಖೆ ಮುಗಿದಿದ್ದು, ತನಿಖಾಧಿಕಾರಿಯೂ ಅವರೇ ಆಗಿದ್ದರಿಂದ ಪುರಾವೆ ದೊರೆತಿಲ್ಲ.

(ಸಹಿ)
ನಾರ್ಮನ್ ಪಿಕಲ್ಸ್
ಅಧೀಕ್ಷಕರು, ತನಿಖಾಧಿಕಾರಿ ಹಾಗೂ ಹನ್ನೊಂದನೇ ಬ್ಯಾಟರ್

ಪ್ರತಿಗಳು:
1. ಶ್ರೀಮತಿ ಎನಿಡ್ ಸಗ್ಡೆನ್ (ಖುದ್ದಾಗಿ).
2. ಬಸ್ ಡಿಪೋ.
3. ತಂಡದ ನಾಯಕರು (ಸಹಿ ಮಾಡಿದವರೊಂದಿಗೆ ಮಾತು ಬಿಟ್ಟಿರುವುದರಿಂದ, ಪಕ್ಕದ ಮನೆಯವರೇ ಆದರೂ ಅಂಚೆಯಲ್ಲಿ).